ಟೆಕ್ಸಾಸ್ ಡೈರಿ - 23: ದೊಡ್ಡಮ್ಮನ ನೇರಳೆ ಕನ್ನಡಕ

ಹೋದ ಎರಡು ವಾರ ಬರೆಯೋಕೆ ಆಗಲಿಲ್ಲ. ಸಾಲಾಗಿ ನೈಟ್ ಡ್ಯೂಟಿ, ಮನೆಗೆ ಬಂದರೆ ಮಗನಿಗೆ ಜ್ವರ. "ಎಲ್ಲಿ ಹೋದ್ಯೇ, ಡೈರಿ ನಿಂತೇ ಹೋಯ್ತಾ" ಅಂತ ಕೇಳಿದವರಿಗೆಲ್ಲ ಥ್ಯಾಂಕ್ಸ್. ಓದೋರು ಇದ್ದೀರಿ ಅಂತ ಗೊತ್ತಾಯ್ತು.

ಈ ಸಲ ಬರೀತಿರೋದು ನಮ್ಮ ಹೈಸ್ಕೂಲ್ ಗ್ರೂಪಿನಲ್ಲಿ ಬಂದ ಒಂದು ಮೆಸೇಜಿಗೆ ಉತ್ತರ. ಡಿಸೆಂಬರಿನಲ್ಲಿ ಊರಿಗೆ ಬರ್ತೀನಿ ಅಂತ ಹಾಕಿದ್ದೆ. ತಕ್ಷಣ ಒಬ್ಬ ಗೆಳೆಯ ಬರೆದ: "ಹೋದ ಸಲದ ಹಾಗೇ ಹಳೇ ಕನ್ನಡಕ ತಗೊಂಡು ಬಾ. ಈ ಸಲ ದೊಡ್ಡದಾಗಿ ಕ್ಯಾಂಪ್ ಮಾಡೋಣ, ಪೇಪರಿನವರನ್ನೂ ಕರೆಸ್ತೀನಿ." ಅದರ ಕೆಳಗೆ ಹದಿನೈದು ಜನ ಕೈಮುಗಿಯೋ ಗುರುತು ಹಾಕಿದ್ದರು.

ಉತ್ತರ ಏನು ಅಂದ್ರೆ, ತರಲ್ಲ. ಯಾಕೆ ಅಂತ ಗ್ರೂಪಿನಲ್ಲಿ ಎರಡು ಸಾಲಿನಲ್ಲಿ ಹೇಳೋಕೆ ಬರಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಇದರಲ್ಲಿ ನಮ್ಮ ದೊಡ್ಡಮ್ಮನ ಹತ್ತಿರ ಕೇಳಬೇಕಾದ ಒಂದು ಕ್ಷಮೆಯೂ ಇದೆ. ಫೋನಿನಲ್ಲಿ ಕೇಳೋಕೆ ಹೋದರೆ ಅವರು "ಏನಾಗಿಲ್ಲ ಬಿಡೇ" ಅಂತ ಮಾತು ತಿರುಗಿಸ್ತಾರೆ.

ಹೊಸದಾಗಿ ಓದುವವರಿಗೆ ಹಿಂದಿನ ಕಥೆ ಹೇಳ್ತೀನಿ. ಎರಡು ವರ್ಷದ ಹಿಂದೆ ನಾನು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ 38 ಹಳೇ ಕನ್ನಡಕ ತಂದಿದ್ದೆ. ಅರ್ಧ ನಮ್ಮ ವಾರ್ಡಿನ ಸಹೋದ್ಯೋಗಿಗಳು ಕೊಟ್ಟಿದ್ದು, ಇನ್ನರ್ಧ ಇಲ್ಲಿನ ಕನ್ನಡದ ಮನೆಗಳಿಂದ ಸೇರಿಸಿದ್ದು. ಇಲ್ಲಿ ಯಾರ ಮನೆಯ ಡ್ರಾಯರ್ ತೆಗೆದರೂ ನಾಲ್ಕೈದು ಕನ್ನಡಕ ಸಿಗುತ್ತವೆ. ಒಂದೂ ಮುರಿದಿರಲ್ಲ. ನಮ್ಮೂರಿನಲ್ಲಿ ಎಷ್ಟು ಜನ ಪೇಪರನ್ನು ಮೊಳ ದೂರ ಹಿಡಿದು ಓದ್ತಾರೆ ಅಂತ ನೆನಪಾಗಿ, ಇದು ಇಲ್ಲಿ ಕಸ, ಅಲ್ಲಿ ಕಣ್ಣು ಅಂದುಕೊಂಡೆ. ಆ ಮಾತನ್ನೇ ಪೋಸ್ಟಿಗೂ ಹಾಕಿದ್ದೆ, ನೆನಪಿರಬಹುದು. ನನ್ನ ಡೈರಿಯಲ್ಲಿ ಅಷ್ಟು ಲೈಕ್ ಬೇರೆ ಯಾವುದಕ್ಕೂ ಬಂದಿಲ್ಲ.

ಜಗಲಿ ಮೇಲೆ ಚಾಪೆ ಹಾಸಿ ಕನ್ನಡಕ ಹರಡಿದ್ವಿ. ಬಂದವರೆಲ್ಲ ಒಂದೊಂದೇ ಹಾಕಿ, ಪಂಚಾಂಗ ನೋಡಿ, ತೋಟದ ಕಡೆ ನೋಡಿ, "ಇದ್ರಲ್ಲಿ ಚೆನ್ನಾಗಿ ಕಾಣ್ತದೆ" ಅಂದಿದ್ದನ್ನು ತಗೊಂಡು ಹೋದ್ರು. ಪರೀಕ್ಷೆ ಅಂತ ಆಗಿದ್ದು ಅಷ್ಟೇ. ದೊಡ್ಡಮ್ಮ ನೇರಳೆ ಬಣ್ಣದ್ದೊಂದು ಆರಿಸಿಕೊಂಡರು. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು ನಕ್ಕಿದ್ದು ಈಗಲೂ ನನ್ನ ಫೋನಿನಲ್ಲಿದೆ.

ನಾನು ವಾಪಸ್ ಬಂದ ಮೇಲೆ ಅಡಿಕೆ ಸುಗ್ಗಿ ಶುರುವಾಯ್ತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯ ಗೆಳೆಯರಿಗಾಗಿ ಹೇಳ್ತೀನಿ. ಅಡಿಕೆ ಸುಲಿಯೋದು ಮೆಟ್ಟುಗತ್ತಿಯಲ್ಲಿ. ಮರದ ಮಣೆಯನ್ನು ಕಾಲಿನಲ್ಲಿ ಒತ್ತಿ ಕೂತು, ನೆಟ್ಟಗೆ ನಿಂತ ಕತ್ತಿಯ ಬಾಯಿಗೆ ಅಡಿಕೆಯನ್ನು ಎರಡೂ ಕೈಯಲ್ಲಿ ಒತ್ತಿ ಸಿಪ್ಪೆ ಬಿಡಿಸೋದು. ಈಗ ಮಷೀನು ಬಂದಿವೆ, ಆದರೂ ನಮ್ಮ ಮನೆಯಲ್ಲಿ ಸ್ವಲ್ಪವಾದರೂ ಕೈಯಲ್ಲೇ ಆಗಬೇಕು. ದೊಡ್ಡಮ್ಮ ಐವತ್ತು ವರ್ಷದಿಂದ ಸುಲಿದವರು, ಕಣ್ಣು ಮುಚ್ಚಿಕೊಂಡೇ ಸುಲೀತಾರೆ. ಕಣ್ಣು ಮುಚ್ಚಿಕೊಂಡೇ ಸುಲಿದಿದ್ದರೆ ಏನೂ ಆಗ್ತಿರಲಿಲ್ಲ. ನೇರಳೆ ಕನ್ನಡಕ ಹಾಕಿಕೊಂಡು ಕೂತ ರಾತ್ರಿ ಎಡಗೈ ಹೆಬ್ಬೆರಳು ಸೀಳಿ ನಾಲ್ಕು ಹೊಲಿಗೆ ಬಿತ್ತು.

ನನಗೆ ಯಾರೂ ಹೇಳಲಿಲ್ಲ. "ಪಾಪ ಅವಳು ಅಷ್ಟು ದೂರದಿಂದ ಹೊತ್ತು ತಂದಿದ್ದು, ಬೇಜಾರು ಮಾಡಿಕೊಳ್ತಾಳೆ" ಅಂತ ದೊಡ್ಡಮ್ಮನೇ ಎಲ್ಲರ ಬಾಯಿ ಮುಚ್ಚಿಸಿದ್ದರಂತೆ. ಎಂಟು ತಿಂಗಳ ಮೇಲೆ ಅಣ್ಣ ಬಾಯಿ ತಪ್ಪಿ ಹೇಳಿದ. ಅವನು ಆ ಕನ್ನಡಕವನ್ನು ಸಾಗರದ ಕನ್ನಡಕದ ಅಂಗಡಿಗೆ ಒಯ್ದು ತೋರಿಸಿದ್ದ. ಅಂಗಡಿಯವರು ಮಷೀನಿಗೆ ಇಟ್ಟು ನಂಬರ್ ಚೀಟಿಯಲ್ಲಿ ಬರೆದು ಕೊಟ್ಟು, "ಇದು ಇವರ ಕಣ್ಣಿಗೆ ಮಾಡಿದ್ದಲ್ಲ. ಯಾರದ್ದು?" ಅಂತ ಕೇಳಿದರಂತೆ.

ಚೀಟಿಯ ಫೋಟೋ ತರಿಸಿಕೊಂಡು ನೋಡಿದೆ. ಪ್ರೋಗ್ರೆಸಿವ್ ಲೆನ್ಸ್. ಅಂದರೆ ಮೇಲೆ ದೂರದ ನಂಬರು, ಕೆಳಗೆ ಇಳಿದ ಹಾಗೆ ಓದುವ ನಂಬರು. ಎರಡು ಕಣ್ಣಿಗೆ ಎರಡು ಬೇರೆ ಪವರು, ಅದರ ಮೇಲೆ ಸಿಲಿಂಡರ್ ಬೇರೆ. ಯಾರೋ ಟೆಕ್ಸಾಸಿನ ಒಬ್ಬ ಹೆಂಗಸಿನ ಎರಡು ಕಣ್ಣಿಗೆ, ಅವರ ಕಣ್ಣುಗಳ ನಡುವಿನ ಅಳತೆಗೆ ಕೂರಿಸಿದ್ದು. ತಲೆ ಎತ್ತಿ ಪಂಚಾಂಗ ನೋಡಿದಾಗ ದೊಡ್ಡಮ್ಮನಿಗೆ ಯಾವುದೋ ಒಂದು ಭಾಗದಲ್ಲಿ ಚೆನ್ನಾಗಿ ಕಂಡಿದೆ. ತಲೆ ತಗ್ಗಿಸಿ ಕತ್ತಿಯ ಬಾಯಿ ನೋಡಿದಾಗ, ಅದು ಇದ್ದ ಜಾಗ ಒಂದು, ಕಂಡ ಜಾಗ ಇನ್ನೊಂದು.

ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದಲ್ಲೇ ನಮಗೆ ಬಾಯಿಪಾಠ ಮಾಡಿಸಿದ್ದು ಐದು 'ಸರಿ'ಗಳು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ. ಇವತ್ತಿಗೂ ಒಂದು ಪ್ಯಾರಾಸಿಟಮಾಲ್ ಕೊಡಬೇಕಾದರೆ ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡಿ, ಹೆಸರು, ಹುಟ್ಟಿದ ದಿನ ಕೇಳಿಯೇ ಕೊಡೋದು. ಪಕ್ಕದ ಬೆಡ್ಡಿನವರ ಮಾತ್ರೆ ಮಿಕ್ಕಿದೆ, ಇವರಿಗೆ ಕೊಟ್ಟರಾಯ್ತು ಅಂತ ಕನಸಿನಲ್ಲೂ ಅನ್ನಿಸಲ್ಲ. ಅಂಥವಳು ಜಗಲಿ ಮೇಲೆ 38 ಜನರ 'ಮಾತ್ರೆ' ಹರಡಿ, ಯಾವುದು ರುಚಿ ಅನ್ನಿಸುತ್ತೋ ಅದನ್ನು ತಗೊಳ್ಳಿ ಅಂದುಬಿಟ್ಟಿದ್ದೆ.

ಕನ್ನಡಕ ಚಿಕಿತ್ಸೆಯ ಭಾಗ ಅಂತ ನನಗೆ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ನಮ್ಮ ವಾರ್ಡಿನಲ್ಲಿ ವಯಸ್ಸಾದವರು ಜಾಸ್ತಿ. ಆಸ್ಪತ್ರೆಗೆ ಬಂದ ಮೂರನೇ ದಿನ ಇದ್ದಕ್ಕಿದ್ದಂತೆ ಗೊಂದಲವಾಗಿ, ರಾತ್ರಿ ಎದ್ದು "ನನ್ನ ಹಸು ಎಲ್ಲಿ" ಅನ್ನುವವರಿರ್ತಾರೆ (ಟೆಕ್ಸಾಸ್ ಇದು, ಇಲ್ಲೂ ಹಸುಗಳೇ). ಇದಕ್ಕೆ ಡೆಲಿರಿಯಮ್ ಅಂತಾರೆ. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಾ. ಶರಾನ್ ಇನೌಯೆ ತಂಡದ ಒಂದು ಅಧ್ಯಯನ ಪ್ರಕಟವಾಯ್ತು. 70 ದಾಟಿದ 852 ರೋಗಿಗಳು. ಒಂದು ಗುಂಪಿಗೆ ಮಾಮೂಲಿ ಆರೈಕೆ, ಇನ್ನೊಂದು ಗುಂಪಿಗೆ ಅದರ ಜೊತೆ ಸಣ್ಣ ಸಣ್ಣ ಉಪಚಾರ: ರಾತ್ರಿ ನಿದ್ದೆ ಕೆಡಿಸದೇ ಇರೋದು, ನೀರು ಕುಡಿಸೋದು, ಎಬ್ಬಿಸಿ ನಡೆಸೋದು, ಕಿವಿಗೆ ಯಂತ್ರ, ಕಣ್ಣಿಗೆ ಅವರದ್ದೇ ಕನ್ನಡಕ. ಮೊದಲ ಗುಂಪಿನಲ್ಲಿ 15% ಜನಕ್ಕೆ ಡೆಲಿರಿಯಮ್ ಬಂದರೆ ಎರಡನೇ ಗುಂಪಿನಲ್ಲಿ 9.9%. ಅದಕ್ಕೇ ನಾವು ಶಿಫ್ಟ್ ಬದಲಾಗುವಾಗ ಕನ್ನಡಕ ಎಲ್ಲಿದೆ ಅಂತ ಕೇಳ್ತೀವಿ. ಆದರೂ ಕಳೆದುಹೋಗ್ತವೆ. ಊಟದ ಟ್ರೇ ಜೊತೆ, ಕೊಳಕು ಬೆಡ್‌ಶೀಟ್ ಜೊತೆ. ಡಿಸ್ಚಾರ್ಜ್ ಆದವರು ಬಿಟ್ಟುಹೋಗಿದ್ದು ಡ್ರಾಯರಿನಲ್ಲಿ ಕೂರ್ತವೆ, ವಾರಸುದಾರರು ಸಿಗಲ್ಲ. ಆ ಡ್ರಾಯರ್ ನೋಡಿ ನೋಡಿಯೇ ನನಗೆ ಆ ಐಡಿಯಾ ಬಂದಿದ್ದು.

ಅಣ್ಣ ವಿಷಯ ಹೇಳುವ ಹೊತ್ತಿಗೆ ನಾನು ಎರಡನೇ ಕಂತಿಗೆ 41 ಕನ್ನಡಕ ಸೇರಿಸಿಯಾಗಿತ್ತು. ಎಸೆಯೋಕೆ ಮನಸ್ಸಿಲ್ಲ, ತರೋಕೆ ಧೈರ್ಯ ಇಲ್ಲ. ಹ್ಯೂಸ್ಟನ್‌ನಲ್ಲಿರೋ ನನ್ನ ಗೆಳತಿಯ ತಂಗಿ ಅಲ್ಲಿ ಆಪ್ಟಾಮೆಟ್ರಿ ಓದ್ತಿದ್ದಾಳೆ. ಒಂದು ಶನಿವಾರ ಚೀಲ ಹಾಕಿಕೊಂಡು ಡಲ್ಲಾಸಿನಿಂದ ಹೊರಟೆವು. ನಾಲ್ಕು ಗಂಟೆ ದಾರಿ, ದಾರಿಯಲ್ಲಿ ಬಕೀಸ್‌ನಲ್ಲಿ ನಿಲ್ಲಲೇಬೇಕು ಅಂತ ಮಗನ ಹಟ (ಪೆಟ್ರೋಲ್ ಬಂಕ್ ಅನ್ನೋದು ಜಾತ್ರೆಯಷ್ಟು ದೊಡ್ಡದಿರಬಹುದು ಅಂತ ಅದನ್ನು ನೋಡಿದರೇ ಗೊತ್ತಾಗೋದು).

ಆ ಹುಡುಗಿ ಲೆನ್ಸೋಮೀಟರಿಗೆ ಒಂದೊಂದೇ ಇಟ್ಟು ನೋಡಿದಳು. ನಮ್ಮ ಸಾಗರದ ಅಂಗಡಿಯಲ್ಲಿರೋದೂ ಅದೇ ಮಷೀನು, ಕನ್ನಡಕ ಇಟ್ಟರೆ ಅದರ ನಂಬರ್ ಹೇಳುತ್ತೆ. ಲೆಕ್ಕ ಹೀಗೆ ಬಂತು. ಗೀರು ಬಿದ್ದಿದ್ದು, ಕೋಟಿಂಗ್ ಎದ್ದಿದ್ದು, ಕಾಲು ಸಡಿಲವಾಗಿದ್ದು 9. ಪ್ರೋಗ್ರೆಸಿವ್ ಮತ್ತು ಬೈಫೋಕಲ್ 14. ಸಿಲಿಂಡರ್ ಇರೋದು ಅಥವಾ ಎರಡು ಕಣ್ಣಿಗೂ ದೂರ ದೂರದ ನಂಬರ್ ಇರೋದು 14. ಯಾರಿಗಾದರೂ ಪರೀಕ್ಷೆ ಮಾಡಿ ಕೊಡಬಹುದಾದ ಸಾದಾ ಕನ್ನಡಕ 4.

"ಅಕ್ಕಾ, ನಾಲ್ಕು ಸಿಕ್ಕಿದ್ದೇ ಜಾಸ್ತಿ" ಅಂದಳು. ಅವಳು ತೋರಿಸಿದ ಒಂದು ಅಧ್ಯಯನ 2012ರದ್ದು. ದಾನಕ್ಕೆ ಬಂದ 275 ಹಳೇ ಕನ್ನಡಕ ಪರೀಕ್ಷೆ ಮಾಡಿದರೆ ಬಳಸೋಕೆ ಯೋಗ್ಯವಾಗಿದ್ದು ಬರೀ 7%. ಅವುಗಳನ್ನು ಸೇರಿಸಿ, ತೊಳೆದು, ಅಳೆದು, ಸಾಗಿಸಿ ಒಬ್ಬರ ಕೈಗೆ ಮುಟ್ಟಿಸೋ ಹೊತ್ತಿಗೆ ಒಂದಕ್ಕೆ 20 ಡಾಲರ್ ಮೇಲೆ ಖರ್ಚು. ಹೊಸ ರೆಡಿಮೇಡ್ ಕನ್ನಡಕವೇ ಅದಕ್ಕಿಂತ ಅಗ್ಗ. ಕುರುಡುತನ ತಡೆಯೋಕೆ ಕೆಲಸ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಎಪಿಬಿ ಕೂಡ ಹಳೇ ಕನ್ನಡಕದ ದಾನ ತಗೊಳ್ಳಬೇಡಿ, ಹಂಚಬೇಡಿ ಅಂತ ಹೇಳಿದೆ. ಇದೆಲ್ಲ ನಾನು ಎರಡು ವರ್ಷದ ಹಿಂದೆ ಹತ್ತು ನಿಮಿಷ ಹುಡುಕಿದ್ದರೆ ಸಿಗ್ತಿತ್ತು.

ಹಾಗಂತ ಹಳೇ ಕನ್ನಡಕ ಸೇರಿಸುವವರೆಲ್ಲ ನನ್ನ ಹಾಗೆ ಚಾಪೆ ಹಾಸ್ತಾರೆ ಅಂತಲ್ಲ. ಲಯನ್ಸ್ ಕ್ಲಬ್ ನಿಮಗೆಲ್ಲ ಗೊತ್ತು, ನಮ್ಮ ಕಡೆಯೂ ಕಣ್ಣಿನ ಶಿಬಿರ ಮಾಡೋದು ಅವರೇ. 1925ರಲ್ಲಿ ಹೆಲೆನ್ ಕೆಲರ್ ಅಮೆರಿಕದ ಓಹಾಯೋದಲ್ಲಿ ಅವರ ಸಮ್ಮೇಳನಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ಹೋರಾಡೋ ವೀರರಾಗಿ ಅಂತ ಕೇಳಿಕೊಂಡಿದ್ದರು. ಅಲ್ಲಿಂದ ಕಣ್ಣಿನ ಕೆಲಸ ಅವರ ಮುಖ್ಯ ಕೆಲಸವಾಯ್ತು. ಟೆಕ್ಸಾಸ್ ಲಯನ್ಸ್‌ನವರ ಕನ್ನಡಕ ಮರುಬಳಕೆ ಕೇಂದ್ರ ಮಿಡ್‌ಲ್ಯಾಂಡ್ ಊರಿನಲ್ಲಿದೆ, ಡಲ್ಲಾಸಿನಿಂದ ಪಶ್ಚಿಮಕ್ಕೆ ಐದು ಗಂಟೆ ದಾರಿ. ಇಂಥ ಕೇಂದ್ರಗಳಲ್ಲಿ ಕನ್ನಡಕ ತೊಳೆದು, ನಂಬರ್ ಅಳೆದು, ನಂಬರ್ ಪ್ರಕಾರ ಜೋಡಿಸಿಡ್ತಾರೆ. ಕಣ್ಣಿನ ತಜ್ಞರ ತಂಡ ಶಿಬಿರಕ್ಕೆ ಹೊರಟಾಗ ಅವರ ಕೈಗೆ ಕೊಡ್ತಾರೆ. ಅಲ್ಲಿ ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಆ ನಂಬರಿಗೆ ಹತ್ತಿರದ ಕನ್ನಡಕ ಹುಡುಕೋದು. ನಾನು ಮಾಡಿದ್ದು ಅದರ ಉಲ್ಟಾ. ನನ್ನ 41 ಕನ್ನಡಕ ಕೊನೆಗೆ ಲಯನ್ಸ್ ಡಬ್ಬಿಗೆ ಹಾಕಿ ಬಂದೆ. ಆ ನಾಲ್ಕನ್ನೂ ಸೇರಿಸಿ.

ಸರಿ, ಹಂಚೋಕೆ ಬರಲ್ಲ, ಕರಗಿಸಿ ಬೇರೆ ಏನಾದರೂ ಮಾಡಬಹುದಲ್ಲ ಅಂತ ನನ್ನ ಗಂಡ ಕೇಳಿದ. ಅವನಿಗೆ ಎಲ್ಲವೂ ನೀಲಿ ಡಬ್ಬಿಗೆ ಹಾಕಿದರೆ ಮುಗೀತು. ಆದರೆ ಕನ್ನಡಕ ಅಷ್ಟು ಸುಲಭದ ವಸ್ತು ಅಲ್ಲ. ಫ್ರೇಮ್ ಒಂದು, ಕೀಲಿನ ಲೋಹ ಇನ್ನೊಂದು, ಮೂಗಿನ ಮೆತ್ತೆ ಮತ್ತೊಂದು, ಲೆನ್ಸ್ ಮಗದೊಂದು, ಲೆನ್ಸ್ ಮೇಲೆ ಕಣ್ಣಿಗೆ ಕಾಣದ ಕೋಟಿಂಗುಗಳು. ಇಷ್ಟು ಸಣ್ಣ ವಸ್ತುವನ್ನು ಬಿಡಿಸಿ ಬೇರೆ ಮಾಡೋಕೆ ಯಾವ ಪುರಸಭೆಗೂ ಪುರಸೊತ್ತಿಲ್ಲ.

ಲೆನ್ಸಿನದ್ದೇ ದೊಡ್ಡ ಕಥೆ. ಮಾಮೂಲಿ ಪ್ಲಾಸ್ಟಿಕ್ ಲೆನ್ಸ್ ಸಿಆರ್-39 ಅನ್ನೋ ವಸ್ತು. 1940ರ ಹೊತ್ತಿಗೆ ಅಮೆರಿಕದಲ್ಲಿ ಕಂಡುಹಿಡಿದಿದ್ದು. ಯುದ್ಧಕಾಲದಲ್ಲಿ ಬಾಂಬರ್ ವಿಮಾನದ ಇಂಧನ ಟ್ಯಾಂಕಿಗೆ ಬಳಸಿದ್ದರಂತೆ, ಯುದ್ಧ ಮುಗಿದ ಮೇಲೆ ಕನ್ನಡಕಕ್ಕೆ ಬಂತು. ಇದು ಇಡ್ಲಿ ಇದ್ದ ಹಾಗೆ. ಒಂದು ಸಲ ಬೆಂದ ಮೇಲೆ ಮತ್ತೆ ಹಿಟ್ಟು ಮಾಡೋಕೆ ಬರಲ್ಲ. ಪಾಲಿಕಾರ್ಬೊನೇಟ್ ಅಂತ ಇನ್ನೊಂದು ಲೆನ್ಸ್ ಬರುತ್ತೆ, ಮಕ್ಕಳಿಗೆ ಕೊಡೋದು, ಬಿದ್ದರೂ ಒಡೆಯಲ್ಲ. ಅದು ಬೆಲ್ಲದ ಹಾಗೆ, ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಬಹುದು. ಆದರೆ ಕೋಟಿಂಗ್ ಮೆತ್ತಿದ ಬೆಲ್ಲ ಯಾರಿಗೆ ಬೇಕು?

ನಾವಿರೋ ಡಲ್ಲಾಸ್ ಅಂದ್ರೆ ಲೆನ್ಸಿನ ಊರು ಅಂತಲೇ ಹೇಳಬಹುದು. ಎಸ್ಸಿಲೋರ್ ಕಂಪನಿಯ ಅಮೆರಿಕದ ಮುಖ್ಯ ಕಚೇರಿ ಇಲ್ಲಿಯದ್ದು. 2018ರಲ್ಲಿ ಆ ಫ್ರೆಂಚ್ ಲೆನ್ಸ್ ಕಂಪನಿಯೂ ಲಕ್ಸೊಟಿಕಾ ಅನ್ನೋ ಇಟಲಿಯ ಫ್ರೇಮ್ ಕಂಪನಿಯೂ ಒಂದಾದವು. ರೇಬಾನ್ ಎಲ್ಲ ಅವರದ್ದೇ. ಲೆನ್ಸ್ ತಯಾರಾಗೋದು ಹೇಗೆ ಅಂತ ಹ್ಯೂಸ್ಟನ್ ಹುಡುಗಿ ವಿವರಿಸಿದಳು. ಮೊದಲು ಚಕ್ಕುಲಿಯಷ್ಟು ಅಗಲದ ದಪ್ಪ ಬಿಲ್ಲೆ ಬರುತ್ತೆ. ಅದನ್ನು ನಂಬರಿಗೆ ತಕ್ಕ ಹಾಗೆ ಹೆರೆದು, ಆಮೇಲೆ ಫ್ರೇಮಿನ ಆಕಾರಕ್ಕೆ ಅಂಚು ಉಜ್ಜಿ ತೆಗೀತಾರೆ. ಕಣ್ಣ ಮುಂದೆ ಬರೋ ಪ್ಲಾಸ್ಟಿಕ್ಕಿಗಿಂತ ಪುಡಿಯಾಗಿ ನೀರಿನ ಜೊತೆ ಹೋಗೋದೇ ಹೆಚ್ಚು. ದಪ್ಪ ಪ್ಲಾಸ್ಟಿಕ್ ಫ್ರೇಮಿನದ್ದೂ ಅದೇ ಪಾಡು. ಅದಕ್ಕೆ ಅಸಿಟೇಟ್ ಅಂತಾರೆ, ಹತ್ತಿ ಅಥವಾ ಮರದ ತಿರುಳಿನಿಂದ ಮಾಡೋ ಹಾಳೆ. ಹಾಳೆಯಿಂದ ಫ್ರೇಮ್ ಕತ್ತರಿಸಿದ ಮೇಲೆ ಉಳಿಯೋ ಚೂರೇ ಹೆಚ್ಚು, ಹೋಳಿಗೆಗೆ ಲಟ್ಟಿಸಿ ನಡುವಿನದ್ದು ಬಿಟ್ಟು ಅಂಚು ಮಾತ್ರ ಬೇಯಿಸಿದ ಹಾಗೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅಂಗಡಿಯಲ್ಲಿ ಹೊಸ ಫ್ರೇಮ್ ನೋಡ್ತೀವಲ್ಲ, ಅದರಲ್ಲಿ ಕಂಪನಿ ಹೆಸರು ಅಚ್ಚಾಗಿರೋ ಒಂದು ಜೊತೆ ತೆಳು ಪ್ಲಾಸ್ಟಿಕ್ ಇರುತ್ತೆ. ಫ್ರೇಮ್ ಸೊಟ್ಟಗಾಗದಿರಲಿ ಅಂತ ಹಾಕೋದು. ನಮ್ಮ ಲೆನ್ಸ್ ಕೂರಿಸೋ ದಿನ ಅದು ಸೀದಾ ಕಸಕ್ಕೆ. ಪ್ರಪಂಚದಲ್ಲಿ ಮಾರಾಟವಾಗೋ ಕೋಟಿಗಟ್ಟಲೆ ಫ್ರೇಮಿನ ಜೊತೆ ಇಷ್ಟು ಪ್ಲಾಸ್ಟಿಕ್ ಒಂದು ದಿನವೂ ಯಾರ ಕಣ್ಣಿಗೂ ಉಪಯೋಗ ಆಗದೇ ಹೋಗುತ್ತೆ. ವಾರ್ಬಿ ಪಾರ್ಕರ್ ಅನ್ನೋ ಕಂಪನಿ ಈಸ್ಟ್‌ಮನ್ ಅನ್ನೋ ರಾಸಾಯನಿಕ ಕಂಪನಿ ಜೊತೆ ಸೇರಿ ಈ ಡೆಮೊ ಲೆನ್ಸುಗಳನ್ನು ಮತ್ತೆ ಕಚ್ಚಾವಸ್ತು ಮಾಡೋಕೆ ಹೊರಟಿದೆ. ಅದೇ ಈಸ್ಟ್‌ಮನ್ ಹಳೇ ಪ್ಲಾಸ್ಟಿಕ್ಕನ್ನೂ ಸೇರಿಸಿ ಅಸಿಟೇಟ್ ಹಾಳೆ ಮಾಡುತ್ತೆ. ಕೋಸ್ಟಾ ಅನ್ನೋ ಫ್ಲಾರಿಡಾದ ಕಂಪನಿ ಚಿಲಿ ದೇಶದ ಮೀನುಗಾರರ ಹರಿದ ಬಲೆಗಳಿಂದ ತಂಪು ಕನ್ನಡಕದ ಫ್ರೇಮ್ ಮಾಡೋಕೆ 2018ರಲ್ಲಿ ಶುರು ಮಾಡಿತು. ಇವನ್ನೆಲ್ಲ ನಾನು ಬೈಯಲ್ಲ. ಬಲೆ ಸಮುದ್ರದಲ್ಲಿ ಆಮೆ ಕತ್ತಿಗೆ ಸುತ್ತಿಕೊಳ್ಳೋದಕ್ಕಿಂತ ಯಾರದೋ ಮೂಗಿನ ಮೇಲೆ ಕೂರೋದು ಒಳ್ಳೇದೇ.

ಆದರೆ ಇಲ್ಲಿ ಹತ್ತು ವರ್ಷ ಇದ್ದು ನೋಡಿದವಳಾಗಿ ಹೇಳ್ತೀನಿ, ಕಸ ಹೆಚ್ಚೋದಕ್ಕೆ ದೊಡ್ಡ ಕಾರಣ ಬೇರೆ ಇದೆ. ಕೆಲಸದ ಜೊತೆ ಕಣ್ಣಿನ ಇನ್ಶೂರೆನ್ಸ್ ಅಂತ ಬರುತ್ತೆ. ವರ್ಷಕ್ಕೊಂದು ಅಥವಾ ಎರಡು ವರ್ಷಕ್ಕೊಂದು ಹೊಸ ಫ್ರೇಮಿಗೆ ಇಷ್ಟು ದುಡ್ಡು ಅಂತ. ಬಳಸದಿದ್ದರೆ ಆ ದುಡ್ಡು ಹೋಯ್ತು. ಹಾಗಾಗಿ ಡಿಸೆಂಬರ್ ಬಂತೆಂದರೆ ನಮ್ಮ ಬ್ರೇಕ್ ರೂಮಿನಲ್ಲಿ ಅದೇ ಮಾತು: "ಕನ್ನಡಕ ತಗೊಂಡ್ಯಾ? ಟೈಮ್ ಮುಗೀತಾ ಬಂತು." ನಂಬರ್ ಬದಲಾಗದಿದ್ದರೂ ತಗೊಳ್ತಾರೆ. ನಾನೂ ನಾಲ್ಕು ವರ್ಷ ಹಾಗೇ ಮಾಡಿದ್ದೀನಿ. ನಾನು ಸೇರಿಸಿದ 79 ಕನ್ನಡಕದಲ್ಲಿ ಮೂರು ನನ್ನವೇ.

ಹೋದ ವರ್ಷ ಮೊದಲ ಬಾರಿ ಹಟ ಹಿಡಿದೆ, ಫ್ರೇಮ್ ಚೆನ್ನಾಗಿದೆ, ಬರೀ ಲೆನ್ಸ್ ಬದಲಿಸಿ ಕೊಡಿ ಅಂತ. ಅಂಗಡಿಯ ಹುಡುಗ ನನ್ನ ಮುಖವನ್ನೇ ನೋಡಿದ. ಹಳೇ ಫ್ರೇಮ್, ಲೆನ್ಸ್ ಕೂರಿಸುವಾಗ ಮುರಿದರೆ ನಾವು ಜವಾಬ್ದಾರರಲ್ಲ ಅಂದ. ಹೊಸ ಫ್ರೇಮ್ ಜೊತೆ ತಗೊಂಡರೆ ಇನ್ಶೂರೆನ್ಸ್ ಕಳೆದು 25 ಡಾಲರ್, ಹಳೇ ಫ್ರೇಮಿಗೆ ಲೆನ್ಸ್ ಮಾತ್ರ ಹಾಕಿಸಿದರೆ 140 ಅಂದ. ಹೊಸದು ತಗೊಂಡು ಹಳೇದನ್ನು ಎಸೆಯೋದಕ್ಕೆ ಕಡಿಮೆ ದುಡ್ಡು, ಇದ್ದದ್ದನ್ನೇ ಇಟ್ಟುಕೊಳ್ಳೋದಕ್ಕೆ ಜಾಸ್ತಿ ದುಡ್ಡು! ಒಂದು ಒಳ್ಳೇದಿದೆ. 1978ರಿಂದ ಇಲ್ಲೊಂದು ಕೇಂದ್ರದ ನಿಯಮ ಇದೆ, ಕಣ್ಣಿನ ಪರೀಕ್ಷೆ ಮುಗಿದ ತಕ್ಷಣ ನಂಬರ್ ಚೀಟಿಯನ್ನು ಕೇಳದಿದ್ದರೂ ನಮ್ಮ ಕೈಗೆ ಕೊಡಲೇಬೇಕು. ಆ ಚೀಟಿ ಹಿಡಿದು ಹೊರಗೆ ಬಂದೆ. ಫ್ರೇಮನ್ನು ಪೋಸ್ಟಿನಲ್ಲಿ ಕಳಿಸಿ ಲೆನ್ಸ್ ಹಾಕಿಸಿಕೊಳ್ಳೋ ವ್ಯವಸ್ಥೆ ಇದೆ, ಅದರಲ್ಲಿ ಮಾಡಿಸಿದೆ. ಈಗ ಇದನ್ನು ಟೈಪ್ ಮಾಡ್ತಿರೋದು ಆ ಕನ್ನಡಕದಲ್ಲೇ.

ಆಮೇಲೆ ಅದರ ಕಾಲಿನ ಸ್ಕ್ರೂ ಉದುರಿ ಹೋಯ್ತು ಅನ್ನಿ. ಆಗ ನಾವು ಆಸ್ಟಿನ್‌ನಲ್ಲಿ ನಾದಿನಿ ಮನೆಯಲ್ಲಿದ್ದೆವು. ಆಸ್ಟಿನ್ ಊರೇ ಸ್ವಲ್ಪ ಬೇರೆ ಥರ. 2011ರಲ್ಲೇ ಅಲ್ಲಿನ ನಗರಸಭೆ ಒಂದು ಯೋಜನೆ ಒಪ್ಪಿಕೊಂಡಿದೆ, 2040ರ ಹೊತ್ತಿಗೆ ಊರಿನ ಕಸದಲ್ಲಿ 90% ಗುಂಡಿಗೆ ಹೋಗಬಾರದು ಅಂತ. ಅಲ್ಲಿ ಫಿಕ್ಸ್-ಇಟ್ ಕ್ಲಿನಿಕ್ ಅಂತ ನಡೆಸ್ತಾರೆ. ಕೆಟ್ಟ ಮಿಕ್ಸಿ, ಹರಿದ ಪ್ಯಾಂಟು, ನಿಂತ ಸೈಕಲ್ಲು ತಗೊಂಡು ಹೋದರೆ ಸ್ವಯಂಸೇವಕರು ಪಕ್ಕ ಕೂತು ರಿಪೇರಿ ಮಾಡೋದು ಹೇಗೆ ಅಂತ ಹೇಳಿಕೊಡ್ತಾರೆ. ನಾದಿನಿ ತನ್ನ ಟೇಬಲ್ ಲ್ಯಾಂಪ್ ಒಯ್ದಿದ್ದಳು, ನಾನು ಕನ್ನಡಕ ತೋರಿಸಿದೆ. ಬಿಳಿ ಗಡ್ಡದ ಅಜ್ಜ ಒಬ್ಬರು ಭೂತಗನ್ನಡಿ ಹಿಡಿದು, ಸಾಸಿವೆಗಿಂತ ಚಿಕ್ಕ ಸ್ಕ್ರೂ ಒಂದನ್ನು ಡಬ್ಬಿಯಿಂದ ಹೆಕ್ಕಿ, ನನ್ನ ಕೈಯಲ್ಲೇ ತಿರುಗಿಸಿ ಹಾಕಿಸಿದರು. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು.

ನನಗೆ ನಗು ತಡೆಯೋಕೆ ಆಗಲಿಲ್ಲ. ಸಾಗರದ ಅಂಗಡಿಯವರು ದಿನಕ್ಕೆ ಹತ್ತು ಸಲ ಇದನ್ನು ಮಾಡ್ತಾರೆ, ಚಪ್ಪಾಳೆ ಇರಲಿ, ಎಷ್ಟೋ ಸಲ ದುಡ್ಡೂ ತಗೊಳ್ಳಲ್ಲ. ನಮ್ಮ ಅಪ್ಪನ ಕನ್ನಡಕದ ಫ್ರೇಮ್ ನಾನು ಆರನೇ ಕ್ಲಾಸಿನಲ್ಲಿದ್ದಾಗ ತಗೊಂಡಿದ್ದು. ನಾನು ಇಲ್ಲಿಗೆ ಬರೋವರೆಗೂ ಅದೇ ಇತ್ತು. ನಾಲ್ಕು ಸಲ ಲೆನ್ಸ್ ಬದಲಾಗಿದೆ. ಒಂದು ಕಾಲು ಬೇರೆ ಫ್ರೇಮಿನದ್ದು, ಬಣ್ಣ ಸ್ವಲ್ಪ ಬೇರೆ. ನಾನು ಹೈಸ್ಕೂಲಿನಲ್ಲಿ ಅದಕ್ಕೆ ನಾಚಿಕೊಂಡು, ಸ್ಕೂಲ್ ಡೇಗೆ ಬರುವಾಗ ಕನ್ನಡಕ ತೆಗೆದಿಟ್ಟು ಬನ್ನಿ ಅಂತ ಅಪ್ಪನಿಗೆ ಹೇಳಿದ್ದೆ. ಅಪ್ಪ ತೆಗೆದಿಟ್ಟೇ ಬಂದಿದ್ದರು. ನಾನು ಬಹುಮಾನ ತಗೊಂಡಿದ್ದು ಅವರಿಗೆ ಕಂಡಿತೋ ಇಲ್ಲವೋ ಇವತ್ತಿಗೂ ಕೇಳಿಲ್ಲ. ಈಗ ಇಲ್ಲಿ 'ಸರ್ಕ್ಯುಲರ್' ಅಂತ ಹೆಸರಿಟ್ಟು, ಹಸಿರು ಎಲೆಯ ಗುರುತು ಹಾಕಿ ಮಾರೋದು ಬಹುಪಾಲು ಆ ಒಂದು ಕನ್ನಡಕದಲ್ಲಿತ್ತು.

ನಡುವೆ ಹುಡುಗಿಯರಿಗೊಂದು ಮಾತು, ಮದುವೆ ಸೀಸನ್ ಬಂತು, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳೋರು ಹೆಚ್ಚಾಗಿದ್ದೀರಿ. ತೆಗೆದ ಲೆನ್ಸನ್ನು ಬಚ್ಚಲಿಗೂ ಟಾಯ್ಲೆಟ್ಟಿಗೂ ಹಾಕಬೇಡಿ. 2018ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ನೋಡಿದಾಗ, ಅಮೆರಿಕದಲ್ಲಿ ಲೆನ್ಸ್ ಹಾಕುವವರಲ್ಲಿ 15ರಿಂದ 20% ಜನ ಹಾಗೇ ಮಾಡ್ತಾರೆ ಅಂತ ಗೊತ್ತಾಯ್ತು. ಅದು ಕರಗಲ್ಲ, ಚೂರು ಚೂರಾಗಿ ಮಣ್ಣು, ನೀರು ಸೇರುತ್ತೆ. ಕಸದ ಡಬ್ಬಿಗೇ ಹಾಕಿ. ಹಾಕಿಕೊಂಡೇ ಮಲಗೋದಂತೂ ಬೇಡವೇ ಬೇಡ, ಅದರ ಬಗ್ಗೆ ಬೇರೆಯೇ ಡೈರಿ ಬರೀತೀನಿ.

ಈಗ ಕ್ಯಾಂಪ್ ವಿಷಯ. ಕ್ಯಾಂಪ್ ಬೇಡ ಅಂತ ನಾನು ಹೇಳ್ತಿಲ್ಲ, ಸೂಟ್‌ಕೇಸಿನ ಕನ್ನಡಕ ಬೇಡ ಅಂತಿದ್ದೀನಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗೋದು ಎಲ್ಲರಿಗೂ ಆಗೋದೇ, ಅದಕ್ಕೆ ಬೇಕಾಗೋದು ಹೆಚ್ಚಿನವರಿಗೆ ಸಾದಾ ಓದುವ ಕನ್ನಡಕ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೂಲಿಗಳನ್ನು ತಗೊಂಡು ಒಂದು ಅಧ್ಯಯನ ಮಾಡಿದ್ದರು, 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಹತ್ತಿರದ ಕನ್ನಡಕ ಸಿಕ್ಕವರು, ಸಿಗದವರಿಗಿಂತ 21.7% ಹೆಚ್ಚು ಎಲೆ ಕೊಯ್ದರು. ಎಲೆ ಕೊಯ್ಯೋಕೆ ಅಷ್ಟು ಬೇಕಾದರೆ, ಸರಕು ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಆರಿಸೋ ನಮ್ಮ ಹೆಂಗಸರಿಗೆ ಎಷ್ಟು ಬೇಕು ಲೆಕ್ಕ ಹಾಕಿ. ಮೆಟ್ಟುಗತ್ತಿಯ ಮಾತು ಬಿಡಿ.

ಅದಕ್ಕೆ ಟೆಕ್ಸಾಸಿನಿಂದ ಏನೂ ಬರಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಅಂತ ಇರ್ತಾರೆ, ಕಣ್ಣು ಪರೀಕ್ಷೆ ಮಾಡೋದೇ ಅವರ ಕೆಲಸ. ರಾಜ್ಯ ಸರ್ಕಾರದ ಆಶಾಕಿರಣ ಅನ್ನೋ ಯೋಜನೆ ಇದೆ, ಮನೆ ಮನೆಗೆ ಬಂದು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡೋದು. ನಮ್ಮ ಊರಿಗೆ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಪರೀಕ್ಷೆಯಲ್ಲಿ ಪೊರೆ, ಸಕ್ಕರೆ ಕಾಯಿಲೆಯ ತೊಂದರೆ ಏನಾದರೂ ಇದ್ದರೆ ಅದೂ ಗೊತ್ತಾಗುತ್ತೆ. ನನ್ನ ಚಾಪೆಯ ಮೇಲೆ ಅದು ಗೊತ್ತಾಗ್ತಿರಲಿಲ್ಲ. ನಾನು, ಇಲ್ಲಿನ ಐದಾರು ಜನ ಸೇರಿ ಈ ಸಲ ಫ್ರೇಮಿನ ದುಡ್ಡು ತಗೊಳ್ಳದೇ ಬಿಟ್ಟಿದ್ದಕ್ಕೆ ಬದಲಾಗಿ ಕೈಯಿಂದ ಒಂದಿಷ್ಟು ಹಾಕಿದ್ದೀವಿ. ಪರೀಕ್ಷೆ ಆದವರು ಚೀಟಿ ಹಿಡಿದು ಸಾಗರದ ಅಂಗಡಿಗೆ ಹೋದರೆ ಸಾಕು, ಅಣ್ಣ ಮಾತಾಡಿದ್ದಾನೆ. ಗಟ್ಟಿ ಇರೋ ಹಳೇ ಫ್ರೇಮ್ ಇದ್ದವರು ಅದನ್ನೇ ಒಯ್ಯಿರಿ, ಲೆನ್ಸ್ ಮಾತ್ರ ಹಾಕಿಕೊಡ್ತಾರೆ. ಪೇಪರಿನವರು ಬೇಡ ಮಾರಾಯ.

ಎರಡು ವರ್ಷದ ಹಿಂದೆ ನನ್ನಿಂದ ಕನ್ನಡಕ ತಗೊಂಡು ಹೋದ ಎಲ್ಲರೂ ದಯವಿಟ್ಟು ಅದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ, ಕತ್ತಿ ಹಿಡಿಯಬೇಡಿ. ಒಂದು ಸಲ ಅಂಗಡಿಯ ಮಷೀನಿಗೆ ಇಡಿಸಿ. 38 ಜನರ ಹೆಸರು ನಾನು ಬರೆದಿಟ್ಟುಕೊಂಡಿರಲಿಲ್ಲ, ಅದೂ ತಪ್ಪೇ. ನಿಮಗೆ ಗೊತ್ತಿದ್ದವರಿಗೆ ಹೇಳಿ.

ದೊಡ್ಡಮ್ಮ, ಮೊಮ್ಮಗಳು ಇದನ್ನು ನಿಮಗೆ ಓದಿ ಹೇಳ್ತಾಳೆ ಅಂತ ಗೊತ್ತು. ತಪ್ಪಾಯ್ತು. ನಿಮ್ಮ ಕಣ್ಣು ನೋಡದೇ ನಿಮಗೆ ಕನ್ನಡಕ ಕೊಟ್ಟೆ. ನೀವು ಅದನ್ನು ಇನ್ನೂ ಹಾಕಿಕೊಳ್ತಿದ್ದೀರಿ, ನಾನು ವಿಡಿಯೋ ಕಾಲ್ ಮಾಡಿದಾಗ ಮಾತ್ರ ತೆಗೆದಿಡ್ತೀರಿ ಅಂತ ಅಣ್ಣ ಹೇಳಿದ. ಬಣ್ಣ ಇಷ್ಟ ಆಗಿದ್ದರೆ ಫ್ರೇಮ್ ನಿಮ್ಮದೇ, ಯಾರೂ ಕೇಳಲ್ಲ.

ಅಣ್ಣಾ, ನಾಡಿದ್ದು ದೊಡ್ಡಮ್ಮನನ್ನು ಕರೆದುಕೊಂಡು ಹೋಗಿ ಕಣ್ಣು ತೋರಿಸು. ಬರುವಾಗ ಅಂಗಡಿಗೆ ಹೋಗಿ ಆ ನೇರಳೆ ಫ್ರೇಮಿಗೆ ಅವರ ನಂಬರಿನ ಲೆನ್ಸ್ ಹಾಕಿಸು. ಎಡಗಡೆ ಕಾಲಿನ ಸ್ಕ್ರೂ ಸ್ವಲ್ಪ ಸಡಿಲ ಇತ್ತು, ಅದನ್ನೂ ಬಿಗಿ ಮಾಡಿಸು.